ಇಪ್ಪತ್ತನಾಲ್ಕು ಕುರ್ಚಿಗಳ ಕಡಲು

ಕುರ್ಚಿಯಪ್ಪನ ಅಂದಿನ ಕಷ್ಟಕ್ಕೆಲ್ಲ ಕಾರಣ ಅವನ ಬಾಯಿಂದ ಜಾರಿದ ಒಂದು ಮಾತು. ಅದನ್ನು ಆಡಿದಾಗ ಅವನು ಟೀ ಕುಡಿಯುತ್ತಿದ್ದ. ಟೀ ಕುಡಿಯುವಾಗ ಯಾರು ತಾನೇ ಯೋಚಿಸಿ ಮಾತಾಡುತ್ತಾರೆ?

"ಜನಕ್ಕೇನ್ರೀ ಬರ? ನಮ್ಮ ಬಿಲ್ಡಿಂಗಲ್ಲಿ ಒಂದು ಸಲ ಕೂಗಿದ್ರೆ ಐವತ್ತು ಜನ ಬರ್ತಾರೆ" ಎಂದುಬಿಟ್ಟಿದ್ದ. ಎದುರಿಗೆ ಕುಳಿತಿದ್ದ ನಿರ್ದೇಶಕಿ ಬ್ಯಾಂಕಿನಲ್ಲಿ ಇಟ್ಟಂತೆ ಆ ಮಾತನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಹತ್ತು ದಿನ ಕಳೆದು, ಬೆಳಿಗ್ಗೆ ಎಂಟಕ್ಕೆ, ಅವನು ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ಸೋಪು ಹಚ್ಚಿ ನಿಂತಿದ್ದಾಗ ಫೋನ್ ಮಾಡಿದಳು.

"ಕಾಲೇಜಿನವರು ಕೈ ಕೊಟ್ರು. ಇವತ್ತು ಏನೋ ಪರೀಕ್ಷೆಯಂತೆ. ಎರಡು ಗಂಟೆಗೆ ಶೋ. ಇಪ್ಪತ್ತನಾಲ್ಕು ಜನ ಬೇಕು. ನಿಮ್ಮ ಬಿಲ್ಡಿಂಗಲ್ಲಿ ಒಂದು ಸಲ ಕೂಗಿ."

ಕುರ್ಚಿಯಪ್ಪನ ಕೈಲಿದ್ದ ರೇಜರು ಅಲ್ಲೇ ನಿಂತಿತು.

ಅವನ ಕೆಲಸ ಏನೆಂದು ಹೇಳದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಥೀಮ್ ಪಾರ್ಕುಗಳಲ್ಲಿ ಜನರನ್ನು ಕತ್ತಲ ಕೋಣೆಗೆ ಕರೆದೊಯ್ದು, ಕುರ್ಚಿಗೆ ಬೆಲ್ಟು ಬಿಗಿದು ಕೂರಿಸಿ, ಗೋಡೆಯಷ್ಟು ಅಗಲದ ಪರದೆಯ ಮೇಲೆ ಸಿನಿಮಾ ತೋರಿಸುತ್ತಾರಲ್ಲ, ಪರದೆಯ ಮೇಲೆ ವಿಮಾನ ವಾಲಿದರೆ ಕುರ್ಚಿಯೂ ವಾಲುತ್ತದೆ, ಅಲೆ ಬಡಿದರೆ ಮುಖಕ್ಕೆ ನೀರು ಚಿಮ್ಮುತ್ತದೆ, ಅಂಥ ಸಿನಿಮಾ ತಯಾರಿಸುವ ನಾಲ್ಕೇ ಜನರ ಕಂಪನಿ ಅದು. ಅದರಲ್ಲಿ ಕುರ್ಚಿ ಕುಣಿಸುವವನು ಇವನು. ಯಾವ ಕ್ಷಣಕ್ಕೆ ಕುರ್ಚಿ ಎಷ್ಟು ವಾಲಬೇಕು, ಎಷ್ಟು ನಡುಗಬೇಕು, ಯಾವಾಗ ಬೆನ್ನಿಗೆ ತಿವಿಯಬೇಕು ಎಂದು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಕಟ್ಟಡದವರ ತಲೆಗೆ ಹೋಗಿರಲಿಲ್ಲ. ಕುರ್ಚಿ ರಿಪೇರಿಯವನೆಂದೇ ತಿಳಿದು, ಕಾಲು ಮುರಿದ ಕುರ್ಚಿಗಳನ್ನು ಅವನ ಬಾಗಿಲ ಮುಂದೆ ಇಟ್ಟುಹೋಗುತ್ತಿದ್ದರು. ಬೇಡವೆನ್ನಲಾರದೆ ಅವನು ಕೆಲವಕ್ಕೆ ಮೊಳೆ ಹೊಡೆದೂ ಕೊಟ್ಟಿದ್ದ. ಕುರ್ಚಿಯಪ್ಪ ಎಂಬ ಹೆಸರು ಹಾಗೆ ಅಂಟಿಕೊಂಡಿತ್ತು.

ಈಗ ಸಿದ್ಧವಾಗಿದ್ದದ್ದು ಕಡಲಾಳದ ಸಿನಿಮಾ. ನಾಲ್ಕು ನಿಮಿಷದ್ದು, ತಯಾರಿಸಲು ಏಳು ತಿಂಗಳು ಹಿಡಿದಿತ್ತು. ಮೂರನೆಯ ನಿಮಿಷಕ್ಕೆ ದೊಡ್ಡದೊಂದು ತಿಮಿಂಗಿಲ ಬಂದು ನೋಡುವವರನ್ನೆಲ್ಲ ಬೆನ್ನ ಮೇಲೆ ಹೊತ್ತು ಮೆಲ್ಲಗೆ ಮೇಲಕ್ಕೆ ಒಯ್ಯುತ್ತಿತ್ತು. ಆ ಮೆಲ್ಲಗೆ ಎನ್ನುವುದಕ್ಕೇ ಕುರ್ಚಿಯಪ್ಪ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದ. ಪಾರ್ಕಿನ ಮಾಲೀಕರಿಗೆ ಹಿಡಿಸಿದರೆ ಕಂಪನಿ ಉಳಿಯುತ್ತದೆ. ಇಲ್ಲವಾದರೆ ನಾಲ್ವರೂ ಬಾಗಿಲು ಹಾಕಿ ನಾಲ್ಕು ದಿಕ್ಕಿಗೆ ಹೋಗುವುದೆಂದು ಮಾತಾಗಿತ್ತು. ಕುರ್ಚಿಯಪ್ಪನಿಗೆ ಇನ್ನೊಂದು ಒಳಗಿನ ಆಸೆಯೂ ಇತ್ತು. ಒಂಬತ್ತು ವರ್ಷದಿಂದ ಖಾಲಿ ಕುರ್ಚಿಗಳನ್ನೇ ಕುಣಿಸಿದ್ದ ಅವನು, ಅವುಗಳಲ್ಲಿ ಕುಳಿತ ಜನ ಕಿರುಚುವುದನ್ನು ಒಂದು ಸಲವೂ ಕೇಳಿರಲಿಲ್ಲ.

"ಇನ್ನೊಂದು ವಿಷಯ" ಎಂದಳು ನಿರ್ದೇಶಕಿ. "ಮಾಲೀಕರನ್ನ ನಾವ್ಯಾರೂ ನೋಡಿಲ್ಲ. ಅವರು ಬರ್ತಾರಂತೆ, ಆದರೆ ಯಾರು ಅಂತ ಹೇಳಿಕೊಳ್ಳಲ್ಲವಂತೆ. ಜನರ ಜೊತೆ ಜನರ ಹಾಗೇ ಇದ್ದು ತೀರ್ಮಾನ ಮಾಡ್ತಾರೆ ಅಂತ ಅವರ ಮ್ಯಾನೇಜರ್ ಹೇಳಿದ್ರು. ಜನರನ್ನ ಕರ್ಕೊಂಡು ಬರೋಕೆ ಪಾರ್ಕಿನ ಬಸ್ಸೇ ಬರುತ್ತೆ. ಕಣ್ಣು ತೆರೆದುಕೊಂಡಿರಿ."

ಅರ್ಧ ಗಡ್ಡದಲ್ಲೇ ಕುರ್ಚಿಯಪ್ಪ ಬಾಗಿಲು ಬಾಗಿಲು ಬಡಿಯಲು ಹೊರಟ.

ಐದನೇ ಮಹಡಿಯ ಡ್ರಿಲ್ ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕೊರಳಿನ ಸೀಟಿಯಿಂದ ನಿವೃತ್ತರಾಗಿರಲಿಲ್ಲ. ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ. ವಿಷಯ ಕೇಳಿದ್ದೇ ಅವರ ಎದೆ ಎರಡು ಇಂಚು ಉಬ್ಬಿತು.

"ನೀವು ಸುಮ್ಮನಿರಿ, ಕುರ್ಚಿಯಪ್ಪನೋರೇ. ಜನರನ್ನ ಕೂಡಿಸೋದು ಹೇಗೆ ಅಂತ ನನಗೆ ಬಿಡಿ. ಒಂದೂಕಾಲಿಗೆ ಗೇಟ್ ಹತ್ತಿರ ಎರಡು ಸಾಲಲ್ಲಿ ನಿಲ್ಲಿಸ್ತೀನಿ. ಎತ್ತರದೋರು ಹಿಂದೆ."

ನಾಲ್ಕನೇ ಮಹಡಿಯ ಟೈಲರ್ ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ವಿಚಾರಿಸಿದಳು.

"ಎಷ್ಟು ಹೊತ್ತಿನ ಸಿನಿಮಾ?"

"ನಾಲ್ಕು ನಿಮಿಷ, ಅಕ್ಕಾ."

"ನಾಲ್ಕು ನಿಮಿಷದ ಸಿನಿಮಾಗೆ ನಾನು ಮುಕ್ಕಾಲು ಗಂಟೆ ಸಿಂಗಾರ ಮಾಡ್ಕೋಬೇಕಾ? ಆಗ್ಲಿ, ಬರ್ತೀನಿ. ನನ್ನ ತಂಗೀನೂ ಬರ್ತಾಳೆ, ಅವಳ ನಾದಿನೀನೂ ಬರ್ತಾಳೆ. ಕಿಟಕಿ ಪಕ್ಕದ ಸೀಟು ಇಡಿ."

"ಕಡಲಾಳದಲ್ಲಿ ಕಿಟಕಿ ಇರಲ್ಲ ಅಕ್ಕಾ."

"ಹಾಗಾದ್ರೆ ಫ್ಯಾನ್ ಕೆಳಗೆ."

ಹನ್ನೊಂದು ಗಂಟೆಗೆ ಇಪ್ಪತ್ತೆರಡು ಜನ ಒಪ್ಪಿದ್ದರು. ಇಪ್ಪತ್ತಮೂರನೆಯವರಾಗಿ ಅವನ ಅತ್ತೆಯೇ ಎದ್ದು ನಿಂತರು. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗಿದ್ದವರ ಮೂಗು ಎಲ್ಲಿದೆ ಎಂದು ಅಂದಾಜಿನ ಮೇಲೆ ಹೇಳುತ್ತಿದ್ದ ಹೆಂಗಸು. ಜೊತೆಗೆ ಮೊಣಕಾಲು ನೋವು.

"ಅಮ್ಮಾ, ನಿನಗೆ ಏನೂ ಕಾಣಿಸಲ್ಲ. ಹೋಗಿ ಏನು ಮಾಡ್ತೀಯ?" ಎಂದಳು ಕುರ್ಚಿಯಪ್ಪನ ಹೆಂಡತಿ.

"ಕುರ್ಚಿ ಕಾಣಿಸಬೇಕಾಗಿಲ್ಲ ಕಣೇ, ಕೂತ್ರೆ ಸಾಕು. ಅಳಿಯಂದಿರು ಇಷ್ಟು ವರ್ಷ ಏನು ಕೆಲಸ ಮಾಡ್ತಿದಾರೆ ಅಂತ ನಾನೂ ಒಂದು ಸಲ ತಿಳ್ಕೋಬೇಡವಾ?"

ಅದು ನ್ಯಾಯವಾದ ಮಾತೆಂದು ಹೆಂಡತಿಯೂ ಜೊತೆಗೆ ಹೊರಟಳು. ಲೆಕ್ಕ ಸರಿಹೋಯಿತು. ಉಳಿದ ಅರ್ಧ ಗಡ್ಡ ಬೋಳಿಸಿಕೊಂಡು ಕುರ್ಚಿಯಪ್ಪ ಸ್ಟುಡಿಯೋಗೆ ಓಡಿದ.

ಸ್ಟುಡಿಯೋ ಎಂದರೆ ಹಿಂದೆ ತರಕಾರಿ ಕೆಡದಂತೆ ಇಡುತ್ತಿದ್ದ ಹಳೆಯ ಗೋದಾಮು. ಗೋಡೆಗಳಿಗೆ ಕಪ್ಪು ಬಣ್ಣ ಬಳಿದು, ಮುಂದೆ ಪರದೆ ಕಟ್ಟಿ, ನಾಲ್ಕು ಸಾಲಿನಲ್ಲಿ ಇಪ್ಪತ್ತನಾಲ್ಕು ಕುರ್ಚಿ ಜೋಡಿಸಿದ್ದರು. ಹೊಸ ಬಣ್ಣದ ವಾಸನೆಯ ಕೆಳಗೆ ಇನ್ನೂ ಎಲೆಕೋಸಿನ ವಾಸನೆ ಉಸಿರಾಡುತ್ತಿತ್ತು. ಒಂದೂಮುಕ್ಕಾಲಿಗೆ ಬಸ್ಸು ಬಂದು ನಿಂತಿತು. ಡ್ರಿಲ್ ಮೇಷ್ಟ್ರ ಸೀಟಿಯ ಹಿಂದೆ ಜನರೆಲ್ಲ ಸಾಲಾಗಿ ಇಳಿದರು. ಟೋಪಿ ಹಾಕಿದ್ದ ನಗುಮುಖದ ಡ್ರೈವರು ಅತ್ತೆಯವರ ಕೈ ಹಿಡಿದು ಇಳಿಸಿದ. ಎಲ್ಲರ ಕೊನೆಗೆ, ಕಂಕುಳಲ್ಲಿ ಚರ್ಮದ ಚೀಲ, ಜೇಬಿನಲ್ಲಿ ಎರಡು ಪೆನ್ನು ಇದ್ದ ಒಬ್ಬ ಗಂಭೀರ ಮನುಷ್ಯ ಇಳಿದ. ಕಟ್ಟಡದಲ್ಲಿ ಅವನನ್ನು ಕುರ್ಚಿಯಪ್ಪ ಎಂದೂ ನೋಡಿರಲಿಲ್ಲ.

ಮೇಷ್ಟ್ರು ಕುರ್ಚಿಯಪ್ಪನನ್ನು ಪಕ್ಕಕ್ಕೆ ಎಳೆದು ಕಿವಿಯಲ್ಲಿ ಉಸುರಿದರು. "ಇವರನ್ನ ಚೆನ್ನಾಗಿ ನೋಡ್ಕೊಳ್ಳಿ. ಬಹಳ ಮುಖ್ಯವಾದೋರು. ಯಾರು, ಏನು ಅಂತ ಕೇಳೋಕೆ ಹೋಗಬೇಡಿ." ಹೇಳಿ ಒಂದು ಕಣ್ಣು ಮಿಟುಕಿಸಿದರು.

ಕುರ್ಚಿಯಪ್ಪನಿಗೆ ಕೂಡಲೇ ಹೊಳೆಯಿತು. ಜನರ ಜೊತೆ ಜನರ ಹಾಗೇ! ಓಡಿ ನಿರ್ದೇಶಕಿಗೆ ತಿಳಿಸಿದ. ಅವಳ ಕೈಲಿದ್ದ ನೀರಿನ ಬಾಟಲಿಯ ಮುಚ್ಚಳ ಉರುಳಿಕೊಂಡು ಹೋಗಿ ಆ ಮನುಷ್ಯನ ಬೂಟಿನ ಹತ್ತಿರ ನಿಂತಿತು. ಅವನು ಮುಚ್ಚಳ ನೋಡಲಿಲ್ಲ. ಬಗ್ಗಿ ಕುರ್ಚಿಯ ಕೆಳಗಿನ ಬೋಲ್ಟುಗಳನ್ನು ನೋಡುತ್ತಿದ್ದ.

"ಇದು ಎಷ್ಟು ಭಾರ ತಡೆಯುತ್ತೆ?"

"ನೂರಿಪ್ಪತ್ತು ಕಿಲೋ ಸಾರ್."

"ಕೊನೇ ಸಲ ಎಣ್ಣೆ ಹಾಕಿದ್ದು ಯಾವಾಗ?"

"ನಿನ್ನೆ ಸಂಜೆ ಸಾರ್. ನಾನೇ ಹಾಕಿದೆ."

"ಹ್ಞೂಂ" ಎಂದ ಆ ಮನುಷ್ಯ ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡ. ಎಂಥ ಮಾಲೀಕರು, ಬೋಲ್ಟನ್ನೂ ಬಿಡುವುದಿಲ್ಲ ಎಂದು ಕುರ್ಚಿಯಪ್ಪನಿಗೆ ಭಕ್ತಿಯೇ ಉಕ್ಕಿತು. ಎರಡನೇ ಸಾಲಿನ ನಡುವಿನ, ಎಲ್ಲಕ್ಕಿಂತ ಒಳ್ಳೆಯ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಅವನನ್ನು ಕೂರಿಸಿದ. ಅಲ್ಲಿ ಆಗಲೇ ಕುಳಿತಿದ್ದ ಟೈಲರ್ ಅಕ್ಕನ ತಂಗಿಯ ನಾದಿನಿಯನ್ನು ಎಬ್ಬಿಸಿ ಗೋಡೆಯ ಪಕ್ಕದ ಸ್ಟೂಲಿಗೆ ಕಳಿಸಿದ. ಆಕೆ ಮುನಿಸಿಕೊಂಡು ಮುಖ ಗೋಡೆಗೆ ತಿರುಗಿಸಿ ಕುಳಿತಳು.

ಅಷ್ಟರಲ್ಲಿ ನೀರು ಚಿಮ್ಮಿಸುವ ಪೈಪು ಒಂದು ಕಡೆ ಸೋರತೊಡಗಿತು. ಕುರ್ಚಿಯಪ್ಪ ಸುತ್ತ ನೋಡಿದ. ಬಾಗಿಲಲ್ಲಿ ಬಸ್ಸಿನ ಡ್ರೈವರು ನಿಂತು ಇಣುಕುತ್ತಿದ್ದ.

"ಏನಪ್ಪಾ, ಸುಮ್ನೆ ಯಾಕೆ ನಿಂತಿದ್ದೀಯ? ಬಾ ಇಲ್ಲಿ, ಈ ಬಕೆಟ್ ಹಿಡ್ಕೊ. ಒಂದು ಹನೀನೂ ಆ ಸಾಹೇಬರ ಬೂಟಿನ ಮೇಲೆ ಬೀಳಬಾರದು."

"ಆಗ್ಲಿ ಸಾರ್" ಎಂದು ಡ್ರೈವರು ಖುಷಿಯಾಗಿಯೇ ಬಕೆಟ್ ಹಿಡಿದು ಕುಕ್ಕರಗಾಲಲ್ಲಿ ಕುಳಿತ.

ಎರಡು ಗಂಟೆಗೆ ಸರಿಯಾಗಿ ಪ್ರೊಜೆಕ್ಟರು ಒಂದು ಸಲ ಕೆಮ್ಮಿತು. ಪರದೆಯ ಮೇಲೆ ನೀಲಿ ಮೂಡಿ, ಹಸಿರಾಗಿ, ಆಮೇಲೆ ಏನೂ ಇಲ್ಲದಾಯಿತು. ಅದನ್ನು ನೋಡಿಕೊಳ್ಳುತ್ತಿದ್ದವನು ಮುಚ್ಚಳ ಬಿಚ್ಚಿ ತಲೆಯನ್ನೇ ಒಳಗೆ ತೂರಿಸಿದ. ಐದು ನಿಮಿಷವಾಯಿತು, ಹತ್ತಾಯಿತು. ಬೆಲ್ಟು ಬಿಗಿದುಕೊಂಡು ಕುಳಿತ ಜನ ಬಾಯಿಗೆ ಕೆಲಸ ಕೊಟ್ಟರು.

"ಇದೇನಾ ಸಿನಿಮಾ? ಚೆನ್ನಾಗಿದೆ ಬಿಡಿ, ಕಣ್ಣಿಗೆ ಆಯಾಸ ಇಲ್ಲ" ಎಂದಳು ಟೈಲರ್ ಅಕ್ಕ.

ಎರಡನೇ ಸಾಲಿನ ಗಂಭೀರ ಮನುಷ್ಯ ಗಡಿಯಾರ ನೋಡಿಕೊಂಡ. "ನನಗೆ ಬೇರೆ ಕೆಲಸ ಇದೆ. ತೋರಿಸೋದಾದ್ರೆ ಬೇಗ ತೋರಿಸಿ."

ನಿರ್ದೇಶಕಿಯ ಮುಖ ಸುಣ್ಣ ಬಳಿದಂತಾಯಿತು. ಕುರ್ಚಿಯಪ್ಪ ಅವಳಿಗೆ ಧೈರ್ಯ ಹೇಳಲೆಂದು ತಿರುಗಿದ. ತಿರುಗುವಾಗ ಅವನ ಮೊಣಕೈ ಮೇಜಿನ ಮೇಲಿದ್ದ ಹಸಿರು ಗುಂಡಿಗೆ ತಗುಲಿತು.

ದೀಪಗಳೆಲ್ಲ ಆರಿದವು. ಇಪ್ಪತ್ತನಾಲ್ಕು ಕುರ್ಚಿಗಳೂ ಒಟ್ಟಿಗೆ ನರಳಿ ಮುಂದಕ್ಕೆ ಬಾಗಿದವು.

ಆ ಯಂತ್ರ ಒಂದು ಸಲ ಹೊರಟರೆ ನಾಲ್ಕು ನಿಮಿಷ ಮುಗಿಯುವವರೆಗೆ ನಿಲ್ಲುವಂಥದ್ದಲ್ಲ. ನಿಲ್ಲಿಸುವ ಕೆಂಪು ಗುಂಡಿಯೊಂದು ಗೋಡೆಯ ಮೇಲಿತ್ತು, ನಿಜ. ಆದರೆ ಆ ಕಾರ್ಗತ್ತಲಲ್ಲಿ ಗೋಡೆಯೇ ಎಲ್ಲಿದೆಯೆಂದು ಗೊತ್ತಾಗುತ್ತಿರಲಿಲ್ಲ. "ಅಯ್ಯಯ್ಯೋ", "ಏನಾಯ್ತು", "ಯಾರ್ರೀ ಅದು ನನ್ನ ಬೆನ್ನಿಗೆ ತಿವಿದೋರು" ಎಂಬ ಕೂಗು ಎದ್ದಿತು. ಕುರ್ಚಿಯಪ್ಪ ಗುಂಡಿಗಾಗಿ ಕತ್ತಲಲ್ಲಿ ಕೈ ಚಾಚಿದ. ತಡಕಾಡಿದಾಗ ಕೈಗೆ ಸಿಕ್ಕಿದ್ದು ಮೈಕು.

"ಹೆದರಬೇಡಿ! ಎಲ್ಲಾ ಸರಿಯಾಗಿದೆ. ನಾವೀಗ ಕಡಲಾಳಕ್ಕೆ ಇಳೀತಾ ಇದ್ದೀವಿ..."

"ನನಗೆ ಈಜು ಬರಲ್ಲ!" ಎಂದು ಒಬ್ಬರು ಚೀರಿದರು.

ಕುರ್ಚಿಗಳು ಧಡ್ಡೆಂದು ಅರ್ಧ ಅಡಿ ಕುಸಿದವು. ಸಿನಿಮಾದಲ್ಲಿ ಅದು ಬಂಡೆಗೆ ತಾಗಿದ ಜಾಗ. ಕತ್ತಲಿನಿಂದ ಟೈಲರ್ ಅಕ್ಕನ ದನಿ ಬಂತು. "ಕಡಲೂ ಅಲ್ಲ ಏನೂ ಅಲ್ಲ! ಇದು ನಮ್ಮ ಬಿಲ್ಡಿಂಗಿನ ಲಿಫ್ಟು! ಮೂರನೇ ಮಹಡೀಲಿ ಹೀಗೇ ಬೀಳೋದು!"

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಹೆದರಿಕೆಯಲ್ಲಿ ಮುಳುಗುತ್ತಿದ್ದವನಿಗೆ ಆ ನಗು ಹಗ್ಗದಂತೆ ಸಿಕ್ಕಿತು. ಕುರ್ಚಿಯಪ್ಪ ಅದನ್ನು ಎರಡೂ ಕೈಲಿ ಹಿಡಿದುಕೊಂಡ. ಕಡಲು ಹಾಳಾಗಲಿ!

"ಸರಿಯಾಗಿ ಹೇಳಿದ್ರಿ ಅಕ್ಕಾ! ಎಲ್ಲರೂ ಲಿಫ್ಟಲ್ಲಿದ್ದೀವಿ. ಆರು ಜನ ಹಿಡಿಸೋ ಲಿಫ್ಟಲ್ಲಿ ಹದಿನಾಲ್ಕು ಜನ! ಯಾರೂ ಉಸಿರು ಬಿಡಬೇಡಿ, ಭಾರ ಜಾಸ್ತಿಯಾಗುತ್ತೆ!"

ಕುರ್ಚಿಗಳು ಗಡಗಡ ನಡುಗಿದವು. ಅಲ್ಲಿ ಮೀನಿನ ಹಿಂಡು ಬರಬೇಕಿತ್ತು.

"ಕೇಳಿಸ್ತಾ? ಮೇಲೆ ಹಗ್ಗ ಕಿರುಗುಟ್ಟೋದು! ಒಂದೊಂದೇ ಎಳೆ ಬಿಚ್ಚಿಕೊಳ್ತಾ ಇದೆ!"

ಎಲ್ಲಿಂದಲೋ ಡ್ರಿಲ್ ಮೇಷ್ಟ್ರ ಸೀಟಿ ಕಿವಿ ಸೀಳುವಂತೆ ಮೊಳಗಿತು. "ನಿಲ್ಸಿ! ಲಿಫ್ಟಿನ ಮಾತು ಬೇಡ! ಕುರ್ಚಿಯಪ್ಪನೋರೇ, ಕಡಲಿಗೆ ಹೋಗಿ, ಕಡಲಿಗೆ!"

"ಅದೋ, ವಾಚ್‌ಮನ್ ಸೀಟಿ! ಬಾಗಿಲು ಮುಚ್ಚದೇ ಲಿಫ್ಟು ಹೊರಟಿದೆ ಅಂತ ಕೂಗ್ತಿದಾನೆ!" ಎಂದ ಕುರ್ಚಿಯಪ್ಪ. ಜನ ಹೋ ಎಂದರು. ಮೇಷ್ಟ್ರು ಇನ್ನೂ ಜೋರಾಗಿ ಊದಿದರು. ಊದಿದಷ್ಟೂ ಆಟಕ್ಕೆ ರಂಗೇರಿತು. ಮುಖಕ್ಕೆ ನೀರು ಚಿಮ್ಮಿದಾಗ, "ಮೇಷ್ಟ್ರ ಮನೆ ನಲ್ಲಿ ಮತ್ತೆ ತೆರೆದೇ ಇದೆ!" ಎಂದು ಜನರೇ ಕೂಗಿದರು. ಗಾಳಿ ಬೀಸಿದಾಗ, "ಟೈಲರ್ ಅಕ್ಕನ ಬಟ್ಟೆ ಹಾರಿಹೋಯ್ತು, ಹಿಡೀರಿ!" ಎಂದು ಇನ್ನೊಬ್ಬರು. ಅಕ್ಕ ಹಿಡಿಯಲು ಕೈ ಚಾಚಿ ಮುಂದಿನವರ ಜುಟ್ಟು ಹಿಡಿದಳು. ಕುರ್ಚಿಯಪ್ಪನ ಹೆಂಡತಿ ನಕ್ಕು ನಕ್ಕು ಬಿಕ್ಕುವುದು ಅವನಿಗೆ ಕೇಳಿಸಿತು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಅವನು ಎರಡು ಸಲವೋ ಮೂರು ಸಲವೋ ಕೇಳಿದ್ದ.

ಮೂರನೇ ನಿಮಿಷ ಬಂತು. ತಿಮಿಂಗಿಲದ ಜಾಗ. ಕುರ್ಚಿಗಳು ನಡುಗುವುದನ್ನು ನಿಲ್ಲಿಸಿ ಉಸಿರು ಎಳೆದುಕೊಂಡಂತೆ ಮೆಲ್ಲಗೆ ಮೇಲೇಳತೊಡಗಿದವು. ಕುರ್ಚಿಯಪ್ಪನ ದನಿಯೂ ತಾನಾಗಿ ತಗ್ಗಿತು.

"ಐದನೇ ಮಹಡಿ ದಾಟ್ತು. ಆರನೇದು... ಅದೂ ದಾಟ್ತು. ಅದರ ಮೇಲೆ ಮಹಡಿ ಇಲ್ಲ. ಆದರೂ ಲಿಫ್ಟು ಹೋಗ್ತಾ ಇದೆ. ತಾರಸಿ ಬಂತು. ಒಣಹಾಕಿದ ಬಟ್ಟೆಗಳೆಲ್ಲ ಕೆಳಗಾದವು. ನೀರಿನ ಟ್ಯಾಂಕು ಬೆಂಕಿಪೊಟ್ಟಣದಷ್ಟು ಕಾಣ್ತಿದೆ. ಸುತ್ತ ಬರೀ ಆಕಾಶ. ಕೆಳಗೆ ನಮ್ಮ ಬೀದಿ... ನಮ್ಮೆಲ್ಲರ ಕಿಟಕಿಗಳು... ಒಂದೊಂದರಲ್ಲೂ ದೀಪ..."

ಕತ್ತಲಲ್ಲಿ ಅತ್ತೆಯ ದನಿ ಬೆರಗಿನಿಂದ ಎದ್ದಿತು.

"ಹೌದು ಕಣೇ, ಕಾಣ್ತಿದೆ! ನೋಡು, ನಮ್ಮ ಅಡುಗೆಮನೆ ದೀಪ ಆರಿಸೋದೇ ಮರೆತುಬಂದಿದ್ದೀಯ!"

ಕುರ್ಚಿಗಳು ಹೂವು ಇಟ್ಟಂತೆ ನೆಲಕ್ಕಿಳಿದವು. ಪ್ರೊಜೆಕ್ಟರಿನವನು ಅಂತೂ ಸ್ವಿಚ್ಚು ಹುಡುಕಿ ದೀಪ ಹಾಕಿದ. ಜನರ ಮುಖವೆಲ್ಲ ಒದ್ದೆ. ನೀರಿನಿಂದಲೋ ನಗುವಿನಿಂದಲೋ ಹೇಳುವುದು ಕಷ್ಟ. ಡ್ರೈವರು ನೆಲದ ಮೇಲೆ ಕುಳಿತೇ ಕಣ್ಣು ಒರೆಸಿಕೊಳ್ಳುತ್ತಿದ್ದ. ಬಕೆಟ್ಟು ಅವನ ತೊಡೆಯ ಮೇಲೇ ಮಗುಚಿತ್ತು.

ಆದರೆ ಗಂಭೀರ ಮನುಷ್ಯ ಮಾತ್ರ ಬಿಳಿಚಿಕೊಂಡಿದ್ದ. ಕತ್ತಲಲ್ಲೇ ಮೂರು ಪುಟ ಬರೆದಿದ್ದ. ಅಕ್ಷರಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು.

"ನೀವು ಹೇಳಿದ್ದೆಲ್ಲ ನಿಜವೇ?" ಎಂದು ಕೇಳಿದ.

ಮೆಚ್ಚುಗೆ ಎಂದರೆ ಇದು! ಕುರ್ಚಿಯಪ್ಪ ಉಬ್ಬಿಹೋದ. "ಒಂದೊಂದು ಮಾತೂ ನಿಜ ಸಾರ್! ಮೂರನೇ ಮಹಡೀಲಿ ಬೀಳೋದೂ ನಿಜ, ಹದಿನಾಲ್ಕು ಜನ ತುಂಬೋದೂ ನಿಜ!"

"ಬಾಗಿಲು ಮುಚ್ಚದೇ ಹೊರಡೋದು?"

"ವಾರಕ್ಕೆ ಎರಡು ಸಲ ಗ್ಯಾರಂಟಿ!"

"ಎಷ್ಟು ಕಾಲದಿಂದ?"

"ನಾನು ಬಂದಾಗಿನಿಂದ ಹೀಗೇ ಸಾರ್."

"ಹಾಗಾದ್ರೆ ಇಲ್ಲಿ ಸಹಿ ಹಾಕಿ" ಎಂದು ಆ ಮನುಷ್ಯ ಚೀಲದಿಂದ ಒಂದು ಕಾಗದ ತೆಗೆದ.

ಒಪ್ಪಂದ! ನಿರ್ದೇಶಕಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಓದಿ ನೋಡುವುದು ಅಪನಂಬಿಕೆ ತೋರಿಸಿದಂತೆ ಆಗುತ್ತದೆಂದು ಕುರ್ಚಿಯಪ್ಪ ಓದದೆಯೇ, ಉದ್ದನೆಯ ಬಾಲವಿರುವ ತನ್ನ ಸಹಿ ಎಳೆದ. ಮೊದಲ ಸಾಲಿನಲ್ಲಿ ಡ್ರಿಲ್ ಮೇಷ್ಟ್ರು ಸಿಕ್ಕಿಹಾಕಿಕೊಂಡ ಬೆಲ್ಟಿನೊಡನೆ ಗುದ್ದಾಡುತ್ತ, "ಬೇಡ! ಬೇಡ!" ಎನ್ನುತ್ತಿದ್ದರು. ಇಳಿಯಲು ಮನಸ್ಸಿಲ್ಲ, ಇನ್ನೊಂದು ಆಟ ಬೇಕು ಎನ್ನುತ್ತಿದ್ದಾರೆಂದು ಎಲ್ಲರೂ ತಿಳಿದರು.

"ಆ ಜಾಗ ನಾನು ಇವತ್ತೇ ನೋಡಬೇಕು" ಎಂದ ಗಂಭೀರ ಮನುಷ್ಯ.

"ಶೂಟಿಂಗ್ ಜಾಗ!" ಎಂದು ನಿರ್ದೇಶಕಿ ಕುರ್ಚಿಯಪ್ಪನನ್ನು ಬಸ್ಸಿಗೆ ತಳ್ಳಿದಳು. "ಹೋಗಿ, ಅವರ ಪಕ್ಕ ಬಿಡಬೇಡಿ."

ದಾರಿಯುದ್ದಕ್ಕೂ ಬಸ್ಸು ಗಿಜಿಗುಟ್ಟಿತು. ಎಲ್ಲರೂ ಒಟ್ಟಿಗೆ ಮಾತಾಡಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕುಳಿತಿದ್ದ ನಾದಿನಿ ಕೂಡ ಮುನಿಸು ಮರೆತು, ತನ್ನ ಸ್ಟೂಲೂ ಹಾರಿತೆಂದು ಸಾಧಿಸುತ್ತಿದ್ದಳು. ಡ್ರಿಲ್ ಮೇಷ್ಟ್ರು ಮಾತ್ರ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಕುರ್ಚಿಯಪ್ಪ ಡ್ರೈವರಿಗೆ ಎರಡು ಸಲ ಎಚ್ಚರಿಸಿದ. "ನಿಧಾನಪ್ಪಾ. ಸಾಹೇಬರಿದ್ದಾರೆ." ಡ್ರೈವರು ಎರಡು ಸಲವೂ ಕನ್ನಡಿಯಲ್ಲಿ ನೋಡಿ ನಕ್ಕ.

ಕಟ್ಟಡದ ಮುಂದೆ ಇಳಿದ ಗಂಭೀರ ಮನುಷ್ಯ ನೆಟ್ಟಗೆ ಲಿಫ್ಟಿನ ಹತ್ತಿರ ಹೋದ. ಬಾಗಿಲು ಎಳೆದು ನೋಡಿದ, ಒಳಗೆ ಟಾರ್ಚು ಬಿಟ್ಟು ನೋಡಿದ. ಆಮೇಲೆ ಚೀಲದಿಂದ ದಾರ, ಅರಗು, ಒಂದು ಹಳದಿ ಚೀಟಿ ತೆಗೆದು ಬಾಗಿಲಿಗೆ ಅಡ್ಡಲಾಗಿ ಅಂಟಿಸಿದ. 'ಅಪಾಯ. ಮುಂದಿನ ಆದೇಶದವರೆಗೆ ಮುಚ್ಚಲಾಗಿದೆ.'

ಕುರ್ಚಿಯಪ್ಪ ಮೊದಲು ಅದನ್ನು ಶೂಟಿಂಗಿನ ಅಲಂಕಾರವೆಂದೇ ತಿಳಿದ. "ಸಾರ್, ಚೀಟಿ ಚೆನ್ನಾಗಿದೆ. ಕೆಲಸ ಯಾವತ್ತಿಂದ ಶುರು?"

"ಯಾವ ಕೆಲಸ?"

"ನಮ್ಮ ಸಿನಿಮಾ ಸಾರ್. ನೀವು ಪಾರ್ಕಿನ ಮಾಲೀಕರು..."

"ನಾನು ಲಿಫ್ಟ್ ಇನ್‌ಸ್ಪೆಕ್ಟರ್" ಎಂದ ಆ ಮನುಷ್ಯ. "ವರ್ಷದ ತಪಾಸಣೆಗೆ ಬಂದಿದ್ದೆ. ಈ ಮೇಷ್ಟ್ರೇ ಮೊದಲು ಸಿನಿಮಾ ನೋಡಿ ಬರೋಣ ಬನ್ನಿ ಅಂತ ಬಸ್ಸು ಹತ್ತಿಸಿದ್ರು. ಎಲ್ಲಾ ಸರಿ ಇದೆ ಅಂತ ಬರೆದುಕೊಡೋದರಲ್ಲಿದ್ದೆ. ಒಳ್ಳೇ ಕೆಲಸ ಮಾಡಿದ್ರಿ, ಲಿಖಿತ ದೂರು ಕೊಡೋ ಧೈರ್ಯ ಎಲ್ಲರಿಗೂ ಇರಲ್ಲ. ಹಗ್ಗ, ಮೋಟಾರು ಎಲ್ಲ ಬದಲಾಯಿಸಬೇಕು. ನಾಲ್ಕೈದು ತಿಂಗಳು ಹಿಡಿಯುತ್ತೆ."

ಅವನು ಕೈ ಕುಲುಕಿ ಹೊರಟುಹೋದ. ಕುರ್ಚಿಯಪ್ಪನ ಕೈ ಗಾಳಿಯಲ್ಲೇ ಉಳಿಯಿತು.

ಇಪ್ಪತ್ತಕ್ಕೂ ಹೆಚ್ಚು ಜೊತೆ ಕಣ್ಣು ಅವನ ಮೇಲೆ ತಿರುಗಿದವು. "ಒಂದು ತಟ್ಟೆ ಬಿಸ್ಕತ್ತಲ್ಲಿ ಮುಗಿಯೋ ಕೆಲಸ ಆಗಿತ್ತು!" ಎಂದು ಮೇಷ್ಟ್ರು ಗುಡುಗಿದರು. "ಸೀಟಿ ಊದಿ ಊದಿ ನನ್ನ ಶ್ವಾಸಕೋಶ ಬಾಯಿಗೆ ಬಂತು!" "ನನ್ನ ಗಿರಾಕಿಗಳು ನಾಲ್ಕು ಮಹಡಿ ಹತ್ತಿ ಅಳತೆ ಕೊಡ್ತಾರಾ?" ಎಂದಳು ಟೈಲರ್ ಅಕ್ಕ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನಿರ್ದೇಶಕಿ. ಅವಳಿಗೆ ಹೇಗೆ ಹೇಳುವುದೆಂದು ಕುರ್ಚಿಯಪ್ಪ ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವಳೇ ಕೂಗಿದಳು. "ಮ್ಯಾನೇಜರ್ ಫೋನ್ ಮಾಡಿದ್ರು! ಮಾಲೀಕರಿಗೆ ಬಹಳ ಹಿಡಿಸಿತಂತೆ! ಅವರು ನಿಮ್ಮ ಜೊತೇನೇ ಇದಾರಂತೆ!"

"ಇಲ್ಲ ಮೇಡಂ, ಅವರು ಮಾಲೀಕರಲ್ಲ, ಅವರು ಲಿಫ್ಟಿನ..."

ಬೆನ್ನ ಹಿಂದೆ ಬಸ್ಸಿನ ಹಾರ್ನು ಮೊಳಗಿತು. ಡ್ರೈವರು ಟೋಪಿ ತೆಗೆದು ಕೆಳಗಿಳಿದು ಬಂದ. ಪ್ಯಾಂಟು ಇನ್ನೂ ತೊಡೆಯವರೆಗೆ ಒದ್ದೆಯಾಗಿತ್ತು.

"ನಾನೇ" ಎಂದ. "ಥಿಯೇಟರಿನಲ್ಲಿ ಎಲ್ಲರೂ ಚಪ್ಪಾಳೆ ಹೊಡೀತಾರೆ ಸಾರ್, ಅದನ್ನ ನಂಬೋಕಾಗಲ್ಲ. ವಾಪಸ್ ಹೋಗುವಾಗ ಏನು ಮಾತಾಡ್ತಾರೆ ಅನ್ನೋದು ಮುಖ್ಯ. ಅದಕ್ಕೇ ಬಸ್ಸು ನಾನೇ ಓಡಿಸೋದು. ಹೊಸ ಆಟ ತೋರಿಸಿದಾಗೆಲ್ಲ ಹೀಗೇ. ಸಾಮಾನ್ಯವಾಗಿ ಜನ ಹೊರಗೆ ಬಂದು ಎರಡು ನಿಮಿಷಕ್ಕೆ ಮಳೆ ಬಿಸಿಲಿನ ಮಾತಿಗೆ ಇಳೀತಾರೆ. ಇವತ್ತು ಗೇಟು ಬರೋವರೆಗೂ ಬಾಯಿ ಮುಚ್ಚಲಿಲ್ಲ."

ಕುರ್ಚಿಯಪ್ಪನ ಕಣ್ಣ ಮುಂದೆ ಬಕೆಟ್ಟು ಬಂದು ಹೋಯಿತು. "ಸಾರ್, ಆ ಬಕೆಟ್ ವಿಷಯ..."

"ಅದು ಬಿಡಿ, ಎಲ್ಲಕ್ಕಿಂತ ಹತ್ತಿರದ ಸೀಟು ನನಗೇ ಸಿಕ್ಕಿತ್ತು. ಈಗ ಕೇಳಿ. ಕಡಲಿನ ಸಿನಿಮಾ ಆಮೇಲೆ ನೋಡೋಣ. ನನಗೆ ಮೊದಲು ಈ ಲಿಫ್ಟು ಬೇಕು. ಇದೇ ಬಿಲ್ಡಿಂಗು, ಇದೇ ಜನ, ಇದೇ ಸೀಟಿ. ಕೊನೆಗೆ ಆ ಆಕಾಶ. ನಾಳೆಯಿಂದಲೇ ಶುರು ಮಾಡಿ."

ಕಟ್ಟಡದವರ ಕೋಪ ಸೋಪಿನ ನೊರೆಯಂತೆ ಇಳಿಯಿತು. ಮೇಷ್ಟ್ರು ಸೀಟಿಯನ್ನು ಅಂಗಿಗೆ ಒರೆಸಿ ಹೊಳಪು ಕೊಟ್ಟರು. ತನ್ನ ಪಾತ್ರಕ್ಕೆ ಬಟ್ಟೆ ತಾನೇ ಹೊಲಿಯುವುದಾಗಿ ಟೈಲರ್ ಅಕ್ಕ ಘೋಷಿಸಿದಳು.

"ಆದರೆ ಸಾರ್, ಲಿಫ್ಟಿಗೆ ಅರಗು ಹಾಕಿಬಿಟ್ಟಿದಾರಲ್ಲ" ಎಂದ ಕುರ್ಚಿಯಪ್ಪ ಮೆಲ್ಲಗೆ.

"ಅದು ತೆರೆಯೋವರೆಗೆ ನೀವು ಒಂದೊಂದು ಮಹಡೀನೂ ಅಳೆದು, ಸದ್ದೆಲ್ಲ ಹಿಡಿದಿಟ್ಟುಕೊಳ್ಳಿ. ದಿನಕ್ಕೆ ಹತ್ತು ಸಲ ಹತ್ತಿ ಇಳಿದ್ರೆ ಜಾಗದ ಪರಿಚಯ ಚೆನ್ನಾಗಿ ಆಗುತ್ತೆ" ಎಂದು ಮಾಲೀಕರು ಟೋಪಿ ಹಾಕಿಕೊಂಡರು.

ಜನ ಮೆಟ್ಟಿಲ ಕಡೆ ತಿರುಗಿದರು. ಅತ್ತೆ ತಿರುಗಲಿಲ್ಲ. ಮೊಣಕಾಲು ತಟ್ಟಿಕೊಂಡು, "ನಾನು ಆರು ಮಹಡಿ ಹತ್ತೋದು ಈ ಜನ್ಮದಲ್ಲಿ ಆಗಲ್ಲ" ಎಂದರು. ಎಲ್ಲರೂ ಮತ್ತೆ ಕುರ್ಚಿಯಪ್ಪನನ್ನು ನೋಡಿದರು. ಸಹಿ ಹಾಕಿದವನು ಅವನು ತಾನೇ?

ವಾಚ್‌ಮನ್ನಿನ ಮರದ ಕುರ್ಚಿ ಬಂತು. ಅತ್ತೆ ಅದರಲ್ಲಿ ಕುಳಿತು ಸೆರಗು ಬಿಗಿದುಕೊಂಡರು. ಮುಂದಿನ ಕಾಲುಗಳಿಗೆ ಮೇಷ್ಟ್ರು ಮತ್ತು ಮಾಲೀಕರು, ಹಿಂದಿನ ಎರಡಕ್ಕೂ ಕುರ್ಚಿಯಪ್ಪ ಒಬ್ಬನೇ. ಮೇಷ್ಟ್ರ ಸೀಟಿಗೆ ಸರಿಯಾಗಿ ಹೆಜ್ಜೆ ಬಿತ್ತು. ಮೊದಲ ಮಹಡಿಗೆ ಅವನ ಬೆನ್ನು ಕೂಗಿತು, ಎರಡನೆಯದಕ್ಕೆ ಮೊಣಕಾಲು. ಆದರೆ ಮೂರನೆಯದರ ತಿರುವಿನಲ್ಲಿ ಕುರ್ಚಿ ಎಡಕ್ಕೆ ವಾಲಿ, ಒಂದು ಕ್ಷಣ ಗಾಳಿಯಲ್ಲಿ ತೂಗಿ, ಮೆಲ್ಲಗೆ ಹಿಂದಕ್ಕೆ ಸರಿದಾಗ ಅವನು ಬೆವರಿನ ನಡುವೆಯೇ ಎಚ್ಚರಗೊಂಡ. ಈ ತೂಗಾಟ ತನ್ನ ಕಂಪ್ಯೂಟರಿನಲ್ಲಿ ಒಂಬತ್ತು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ! "ಎಡಕ್ಕೆ ಎಂಟು, ನಿಂತು ಎರಡು, ಹಿಂದಕ್ಕೆ ಮೂರು" ಎಂದು ಗೊಣಗಿಕೊಳ್ಳುತ್ತ, ಮರೆಯಬಾರದೆಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತ ಉಳಿದ ಮಹಡಿಗಳು ಬಂದದ್ದೇ ಅವನಿಗೆ ಗೊತ್ತಾಗಲಿಲ್ಲ.

ಆರನೇ ಮಹಡಿಯಲ್ಲಿ ಕುರ್ಚಿ ಇಳಿಸಿದಾಗ ಅತ್ತೆಯ ಮುಖ ಅರಳಿತ್ತು.

"ಅಳಿಯಂದಿರೇ, ನಿಮ್ಮ ಕೆಲಸ ಏನು ಅಂತ ನನಗೆ ಇವತ್ತು ಅರ್ಥವಾಯ್ತು. ಬಹಳ ಒಳ್ಳೇ ಕೆಲಸ" ಎಂದರು.

ಒಂಬತ್ತು ವರ್ಷಕ್ಕೆ ಕೇಳಿದ ಆ ಮಾತಿಗೆ ಕುರ್ಚಿಯಪ್ಪನ ಕಣ್ಣು ತುಂಬಿಬಂತು. ಅವನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಮುಂದುವರಿಸಿದರು.

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಎಂಟೂವರೆಗೆ ರೆಡಿಯಾಗಿರಿ. ಮಧ್ಯಾಹ್ನ ವಾಪಸ್. ಆಪರೇಷನ್ ಆದಮೇಲೆ ವಾರಕ್ಕೆ ಮೂರು ಸಲ ಹೋಗಬೇಕಂತೆ."

ಅವನು ಅದನ್ನು ನುಂಗಿಕೊಳ್ಳುವುದರೊಳಗೆ ಮೆಟ್ಟಿಲ ಬಾವಿಯ ತಳದಿಂದ, ಆರು ಮಹಡಿ ಕೆಳಗಿನಿಂದ, ಟೈಲರ್ ಅಕ್ಕನ ದನಿ ಗೋಡೆಗೆ ಬಡಿದು ಬಡಿದು ಮೇಲೇರಿ ಬಂತು.

"ಕುರ್ಚಿಯಪ್ಪನೋರೇ! ಕುರ್ಚಿ ಕೆಳಗೆ ತನ್ನಿ! ನಾವು ಸಾಲಲ್ಲಿ ನಿಂತಿದ್ದೀವಿ!"